ಅವ್ವನ ಕೈ

ಚಪಾತಿ ಸೀದ ವಾಸನೆ ಬಂದರೆ ನನಗೆ ಇಂದಿಗೂ ಪುಣೆಯ ಆ ಕಾಲೇಜಿನ ಮೆಸ್ಸು ಕಾಣುತ್ತದೆ, ಮಕ್ಕಳೇ. ಶಾಲೆಯ ಸೂಟಿಗೆ ಊರಿಂದ ಬಂದಿದ್ದ ನಾನು ಅಲ್ಲಿ ಚಪಾತಿ ಮಾಡುವ ಅವ್ವನ ಪಕ್ಕ ಕೂತಿದ್ದೆ. ಅವಳ ಜೊತೆ ಲಟ್ಟಿಸುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ಲಟ್ಟಣಿಗೆ ಕೆಳಗಿಟ್ಟರು.

"ಜಡ್ಡು ಬಿದ್ದು ಮನ್ಯಾಗ ಮಲಗಿದ ದಿನಾನೂ ಪಗಾರ ಕೊಡ್ರಿ, ಸಾಹೇಬ್ರ. ಅಲ್ಲೀತನಕ ಚಪಾತಿ ಇಲ್ಲ," ಎಂದಳು ಹಿರಿಯಳಾದ ಶಾಂತಕ್ಕ.

"ಹುಡುಗ್ರು ಹಸದು ಕುಂದ್ರಬೇಕೇನು?" ಎಂದ ನಮ್ಮ ಕಡೆಯವನೇ ಆದ ಮ್ಯಾನೇಜರ್.

"ನೀವ ಲಟ್ಟಿಸ್ರಿ!" ಎಂದಳು ಶಾಂತಕ್ಕ. ಎಲ್ಲರೂ ನಕ್ಕರು.

ತವೆಯ ಮೇಲಿದ್ದ ಚಪಾತಿ ಹೊಗೆಯಾಡಿತು. ಅವ್ವನ ಕೈ ಮುಂದೆ ಹೋಗಿ ಅದನ್ನು ಮಗುಚಿಬಿಟ್ಟಿತು.

"ಗಂಗವ್ವ ಕೆಲಸಕ್ಕ ನಿಂತ್ಲು. ಉಳಿದವರು ಮನೀಗೆ ನಡೀರಿ!" ಎಂದ ಮ್ಯಾನೇಜರ್, ಅವ್ವನತ್ತ ಕೈ ತೋರಿಸಿ.

"ಅಕ್ಕಾ, ರೂಢಿ... ಕೈ ತಾನ ಹೋತು," ಎಂದಳು ಅವ್ವ.

ಶಾಂತಕ್ಕ ಬೈಯಲಿಲ್ಲ. ಅವ್ವನ ಸೆರಗಿಗೆ ಹತ್ತಿದ್ದ ಹಿಟ್ಟು ಕೊಡವಿ ಹೊರಟಳು. ಉಳಿದವರೂ ಹಿಂದೆ ನಡೆದರು.

ಅವ್ವ ನನ್ನ ಕಡೆ ನೋಡದೆ ಮುಂದಿನ ಉಂಡೆ ತೆಗೆದುಕೊಂಡಳು.