ಅಪ್ಪನ ಕಾರಿನ ತುಕ್ಕು

ಕ್ಯಾತಪ್ಪ ಸುಳ್ಳು ಹೇಳುತ್ತಿದ್ದಾನೆ ಎಂಬುದು ಎರ್ರಿಸ್ವಾಮಿಗೆ ಖಾತ್ರಿಯಾಯಿತು. ಚಳ್ಳಕೆರೆಯಲ್ಲಿ ಗ್ಯಾರೇಜು ಇಟ್ಟಿದ್ದ ಬಾಲ್ಯದ ಗೆಳೆಯ, ಅಪ್ಪನ ಅಂಬಾಸಿಡರಿನ ಕೆಳಗೆ ತೂರಿ ಹೊರಬಂದು ತಲೆಯಾಡಿಸಿದ್ದ.

"ಲೇ, ಮಳೇನೇ ಕಾಣದ ಮೊಳಕಾಲ್ಮೂರಿನಾಗೆ ಗಾಡಿ ಹಿಂಗೆ ತುಕ್ಕು ಹಿಡಿಯಲ್ಲ. ಸಮುದ್ರದ ದಂಡೇಲಿ ನಿಂತಿದ್ದಂಗೈತೆ. ಗುಜರಿಗೆ ಹಾಕು, ನಾನೇ ತಗೊಂಡು ಹೋಗ್ತೀನಿ."

ಕೊನೆಯ ಮಾತಿನಲ್ಲೇ ಅವನ ಬಣ್ಣ ಬಯಲಾಯಿತು ಎಂದುಕೊಂಡ ಎರ್ರಿಸ್ವಾಮಿ. ಕೂದಲೆಳೆಯಂಥ ರೇಷ್ಮೆ ಜೋಡಿಸುವ ಕೈಗೆ ತಗಡು ತಿಕ್ಕುವುದು ಯಾವ ಮಹಾ ಕೆಲಸ? ತಾನೇ ರಿಪೇರಿ ಮಾಡುತ್ತೇನೆಂದು ಹಟ ಹಿಡಿದ. ಮಗ್ಗದಿಂದ ಎದ್ದ ಮೇಲೆ ಸಂಜೆಯೆಲ್ಲ ತುಕ್ಕು ಕೆರೆದ, ತೂತುಗಳಿಗೆ ತಗಡು ಕೂರಿಸಿದ, ಕೇಳಿದ್ದಕ್ಕೆ ಕ್ಯಾತಪ್ಪ ಕಳಿಸಿಕೊಟ್ಟ ಪ್ರೈಮರ್ ಬಳಿದು ಬಣ್ಣ ಹೊಡೆದ.

ಅವನ ಆಸೆ ಒಂದೇ. ತೀರಿಹೋದ ಅಪ್ಪ ಯರ್ರಪ್ಪ ಪ್ರತಿ ಸೋಮವಾರ ಸೀರೆಯ ಗಂಟು ಹಾಕಿಕೊಂಡು ಚಳ್ಳಕೆರೆಗೆ ಹೋಗುತ್ತಿದ್ದ ಕಾರು ಅದು. ಅದರಲ್ಲಿ ಅವ್ವನನ್ನು ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಬೇಕು.

ಹಾಗೆಂದಾಗ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಸೀಟು ನಂದಲ್ಲಪ್ಪ."

ಗಂಡನ ನೆನಪಾಯಿತೇನೋ ಎಂದುಕೊಂಡು ಅವನು ಮತ್ತೆ ತುಕ್ಕು ಕೆರೆಯತೊಡಗಿದ. ಅಪ್ಪ ಹೋದಾಗಿನಿಂದ ಅವ್ವ ದಿನಾ ಬೆಳಿಗ್ಗೆ ಬಕೆಟ್ಟು ಹಿಡಿದು ಕಾರನ್ನು ತೊಳೆಯುತ್ತಿದ್ದಳು. ಅದನ್ನು ನೋಡಿ ಓಣಿಯ ಹೆಂಗಸರು ಕಣ್ಣೊರೆಸಿಕೊಂಡದ್ದೂ ಉಂಟು. ತಲೆನೋವೆಂದರೆ ಪಕ್ಕದ ಮನೆಯ ಆಡುಗಳು. ಎಷ್ಟು ಅಟ್ಟಿದರೂ ಬಂದು ಕಾರಿನ ಬಾಗಿಲು ನೆಕ್ಕುತ್ತಿದ್ದವು.

ತಿಂಗಳೊಳಗೆ ಹೊಸ ಬಣ್ಣ ಗುಳ್ಳೆ ಎದ್ದಿತು. ಚೂರು ಕೆರೆದರೆ ಕೆಳಗೆ ಅದೇ ತುಕ್ಕು. ಎರ್ರಿಸ್ವಾಮಿ ಕೆಂಡವಾದ. ಕಳಪೆ ಪ್ರೈಮರ್ ಕೊಟ್ಟು ಗೆಳೆಯ ನಂಬಿದವನ ಕತ್ತು ಕೊಯ್ದಿದ್ದ. ಮರುದಿನ ಮೊದಲ ಬಸ್ಸಿಗೇ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆಂದು ಹೊರಟವನು, ಕಾರಿನ ಪಕ್ಕದಲ್ಲಿದ್ದ ಅವ್ವನ ಬಕೆಟ್ಟಿನಿಂದ ಬೊಗಸೆ ನೀರೆತ್ತಿ ಬಾಯಿ ಮುಕ್ಕಳಿಸಿದ.

ಥೂ ಎಂದು ಉಗಿದ. ಬರೀ ಉಪ್ಪು.

ಹೆತ್ತ ಅವ್ವನೇ ಹೀಗೆ ಮಾಡಿದಳೇ? ತಲೆಯೆತ್ತಿದರೆ ಅವಳು ಎದುರಿಗೇ ನಿಂತಿದ್ದಳು. ಗಾಬರಿಯಾಗಲಿಲ್ಲ, ಕಣ್ಣನ್ನೂ ತಪ್ಪಿಸಲಿಲ್ಲ. ಬಕೆಟ್ಟೆತ್ತಿ ಎಂದಿನಂತೆ ಮುಂದಿನ ಬಾಗಿಲಿಗೆ ಸುರಿದಳು.

"ಸೋಮವಾರ ಸೋಮವಾರ ನಿಮ್ಮಪ್ಪ ಹೋಗ್ತಿದ್ದುದು ಸೀರೆ ಮಾರಕ್ಕಲ್ಲ ಕಣಪ್ಪ, ಈ ಸೀಟಿನಾಗೆ ಕೂರೋಳ ಮನೀಗೆ."