ಪಕ್ಕದ ಮನೆಯ ಆಂಟೆನಾ

ಆ ಆಂಟೆನಾ ಅಲ್ಲಿರಬಾರದಿತ್ತು. ಅವನು ಭೂತಗನ್ನಡಿಯನ್ನು ಫೋಟೋಗೆ ಇನ್ನಷ್ಟು ಹತ್ತಿರ ಹಿಡಿದ. ಅನುಮಾನವೇ ಇಲ್ಲ. ಅಪ್ಪನ ಹೆಗಲ ಹಿಂದೆ, ಪಕ್ಕದ ಮನೆಯ ತಾರಸಿಯ ಮೇಲೆ, ಮೀನಿನ ಮುಳ್ಳಿನಂಥ ಟಿವಿ ಆಂಟೆನಾ.

ಅವನ ಹೊಟ್ಟೆಪಾಡೇ ಇದು. ಹಳೆಯ ಕಾಲದ ಕಥೆಯ ಸಿನಿಮಾಗಳಲ್ಲಿ ಆ ಕಾಲಕ್ಕೆ ಸೇರದ ವಸ್ತು ನುಸುಳದಂತೆ ಕಾಯುವುದು. ನುಸುಳಿದರೆ ಅದು ಕಾಲದೋಷ. ರಾಜನ ತೋಳಿನಲ್ಲಿ ಲಸಿಕೆಯ ಕಲೆ, ಮುತ್ತಜ್ಜಿಯ ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಬಕೆಟ್. ಅವನ ಕಣ್ಣಿಗೆ ಬಿತ್ತೆಂದರೆ ಶೂಟಿಂಗ್ ನಿಂತಂತೆಯೇ. ಸೆಟ್ಟಿನವರು ಅವನನ್ನು ಕಾಲಜ್ಞಾನಿ ಎಂದು ಕರೆಯುತ್ತಿದ್ದರು, ಬೆನ್ನ ಹಿಂದೆ ಅದಕ್ಕಿಂತ ಕೆಟ್ಟದಾಗಿ.

ಈ ಸಲದ ಚಿತ್ರ ಅವನು ಹುಟ್ಟಿದ ವರ್ಷದ್ದು, ಅವನದೇ ಊರಿನದು. ಊರಿಗೆ ಟಿವಿ ಪ್ರಸಾರ ಬಂದ ತಾರೀಖನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕಿ ತೆಗೆದಿದ್ದ. ಆಗಿನ ತಾರಸಿಗಳು ಹೇಗಿದ್ದವು ನೋಡೋಣ ಎಂದು ಅಮ್ಮನ ಮನೆಯ ಗೋಡೆಯಿಂದ ಈ ಫೋಟೋ ಇಳಿಸಿದ್ದ.

ಅಪ್ಪನದು ಅಂತ ಇದ್ದದ್ದು ಅದೊಂದೇ. ಎರಡೂ ಮನೆಯವರನ್ನು ಎದುರು ಹಾಕಿಕೊಂಡು ಆದ ಮದುವೆ, ಫೋಟೋ ತೆಗೆಸುವವರು ಯಾರು? ಟೋಪಿಯ ನೆರಳಿನಲ್ಲಿ ಅರ್ಧ ಮುಖ, ತೆಳು ಮೀಸೆ, ತೋಳು ಮಡಿಸಿದ ದೊಗಲೆ ಷರ್ಟು, ಎದೆಗವಚಿಕೊಂಡ ಮಗು. ಹುಬ್ಬು, ಗಲ್ಲ ಎಲ್ಲ ಮಗನಿಗೆ ಹಾಗೇ ಬಂದಿದೆ, ಪಡಿಯಚ್ಚು ಎಂದು ಫೋಟೋ ನೋಡಿದವರೆಲ್ಲ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ಅಮ್ಮ ಏನೋ ನೆಪ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

ಕಾರ್ಖಾನೆಯ ಬಾಯ್ಲರ್ ಸಿಡಿದು ಅಪ್ಪ ಸತ್ತಾಗ ಅವನು ನಲವತ್ತು ದಿನದ ಕೂಸು. ಊರಿಗೆ ಟಿವಿ ಬಂದದ್ದು ಅದಾಗಿ ನಾಲ್ಕು ತಿಂಗಳಿಗೆ. ಭೂತಗನ್ನಡಿ ಮೆಲ್ಲಗೆ ಕೆಳಗೆ ಸರಿಯಿತು. ನಗುತ್ತಿದ್ದ ಮಗುವಿನ ಬಾಯಲ್ಲಿ ಎರಡು ಹಲ್ಲು.

ಹಾಗಾದರೆ ಅಪ್ಪ ಸತ್ತಿರಲೇ ಇಲ್ಲ. ನಲವತ್ತೆರಡು ವರ್ಷ ಅಮ್ಮ ಅವನ ಕಿವಿಯ ಮೇಲೆ ಹೂವಿಟ್ಟಿದ್ದಳು.

ಅಮ್ಮನ ಮಾತಿನಲ್ಲಂತೂ ಅಪ್ಪ ಯಾವಾಗಲೂ ಬದುಕಿಯೇ ಇದ್ದ. "ನಿಮ್ಮಪ್ಪನಿಗೆ ಖಾರ ಆಗಲ್ಲ" ಎನ್ನುವಳು. "ಬಾಗಿಲು ದಡಾರ್ ಅಂತ ಹಾಕ್ಬೇಡ, ನಿಮ್ಮಪ್ಪನಿಗೆ ಸಿಟ್ಟು ಬರುತ್ತೆ." ಅಮ್ಮಾ, ಕಾಲದೋಷ ಎಂದು ಅವನು ರೇಗಿಸುತ್ತಿದ್ದ. ಈಗ ಆ ಮಾತುಗಳೇ ಸಾಕ್ಷಿಯಂತೆ ಕಂಡವು.

ಅಮ್ಮ ಕಿಟಕಿಯ ಬಳಿ ಗುಂಡಿ ಹೊಲಿಯುತ್ತ ಕೂತಿದ್ದಳು. ಅವನು ಫೋಟೋವನ್ನು ಅವಳ ಮಡಿಲಿಗೆ ಹಾಕಿ ಆಂಟೆನಾ ತೋರಿಸಿದ, ಹಲ್ಲು ತೋರಿಸಿದ.

"ಇದು ಅಪ್ಪ ಸತ್ತರು ಅಂತ ನೀನು ಹೇಳಿದ ಮೇಲೆ ತೆಗೆದದ್ದು. ಹೌದೋ ಅಲ್ವೋ?"

ಸೂಜಿ ನಿಂತಿತು. "ಹೌದು."

"ಹಾಗಾದ್ರೆ ಅವರು ಬದುಕಿದ್ದಾರಾ?"

"ಇಲ್ಲ ಕಣೋ. ನಾನೇ ನೋಡಿದೀನಿ, ನನ್ನ ಕಣ್ಣಾರೆ."

"ಮತ್ತೆ ಇದು ಯಾರು?"

ಅಮ್ಮ ಫೋಟೋವನ್ನು ಸೆರಗಿನಿಂದ ಒರೆಸಿದಳು. "ಇದನ್ನ ನೋಡಿ ನೀನು ಮೊದಲ ಸಲ ಅಪ್ಪ ಅಂದೆ. ನನಗೆ ಅಷ್ಟು ಸಾಕಾಗಿತ್ತು."

ಅವನಿಗೆ ಸಿಟ್ಟು ನೆತ್ತಿಗೇರಿತು. ಬೇರೆ ಯಾರೋ ಗಂಡಸು. ಗಂಡ ಸತ್ತು ಆರು ತಿಂಗಳೂ ಆಗಿರಲಿಲ್ಲ.

"ಆ ಮುಖ ನನ್ನದು ಅಮ್ಮಾ. ಊರೆಲ್ಲ ಹೇಳುತ್ತೆ. ನಾನು ಯಾರ ಮಗ?"

"ನನ್ನ ಮಗ," ಎಂದಳು ಅಮ್ಮ. "ಕೂತ್ಕೋ, ಎಲ್ಲ ಹೇಳ್ತೀನಿ."

ಅವನು ಕೂರಲಿಲ್ಲ. ಹೆತ್ತವಳಿಗೆ ಯಾವ ಮಗನೂ ಆಡಬಾರದ ಒಂದು ಮಾತು ಆಡಿ, ಫೋಟೋ ಕಿತ್ತುಕೊಂಡು ಹೊರಟ. ಅಮ್ಮ ಬಾಗಿಲವರೆಗೂ ಬಂದಳು.

ಏಳು ತಿಂಗಳು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಪ್ರತಿ ಭಾನುವಾರ ಫೋನು ಬರುತ್ತಿತ್ತು. ಅವನು ಎತ್ತುತ್ತಿರಲಿಲ್ಲ. ಒಂದು ಭಾನುವಾರ ಬರಲಿಲ್ಲ. ಸೋಮವಾರ ಬೆಳಿಗ್ಗೆ ಪಕ್ಕದ ಮನೆಯವರಿಂದ ಬಂತು, ಅಮ್ಮ ನಿದ್ದೆಯಲ್ಲೇ ಹೋಗಿದ್ದಳು.

ಅವನು ಎದೆಯೊಡೆದು ಅತ್ತ. ಸೆಟ್ಟಿನಲ್ಲಿ ತಪ್ಪಾದರೆ ಇನ್ನೊಂದು ಟೇಕ್ ಇರುತ್ತದೆ. ಆಡಿದ ಮಾತಿಗೆ ಅದಿಲ್ಲ. ಆದರೂ ಅಳು ನಿಂತಾಗ ಪ್ರಶ್ನೆ ಹಾಗೇ ಉಳಿದಿತ್ತು. ಅಮ್ಮನನ್ನು ಕ್ಷಮಿಸಲಿಕ್ಕಾದರೂ ಆ ಗಂಡಸು ಯಾರೆಂದು ಗೊತ್ತಾಗಬೇಕಿತ್ತು.

ಫೋಟೋದ ಬೆನ್ನಿಗೆ ಮಾಸಿದ ಸ್ಟುಡಿಯೋ ಮುದ್ರೆಯಿತ್ತು. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ. ಅದರ ಫೋಟೋಗ್ರಾಫರ್ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಸಿಕ್ಕ, ಎಂಬತ್ತು ದಾಟಿದ ಮುದುಕ. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೊಡನೆ ಮುದುಕನ ಮುಖ ಸಣ್ಣಗಾಯಿತು.

"ಇದನ್ನ ಮರೆಯೋದುಂಟಾ? ಸ್ಟುಡಿಯೋಗೆ ಬಂದ್ರೆ ಜನ ನೋಡ್ತಾರೆ, ತಾರಸಿ ಮೇಲೇ ತೆಗೀರಿ ಅಂದಿದ್ರು. ಆ ಮಗು ನೀವೇನಾ?"

"ನಾನೇ. ಎತ್ತಿಕೊಂಡಿರೋದು ಯಾರು, ಅಷ್ಟು ಹೇಳಿ ಸಾಕು."

ಮುದುಕ ಅವನ ಮುಖವನ್ನೂ ಫೋಟೋವನ್ನೂ ಒಂದೆರಡು ಸಲ ನೋಡಿದ.

"ಷರ್ಟು, ಟೋಪಿ ನಿಮ್ಮಪ್ಪಂದು. ಕಾಡಿಗೆಯಲ್ಲಿ ಮೀಸೆ ಬರೆದಿದ್ದು ಮಾತ್ರ ನಾನು. ನಿಮ್ಮಮ್ಮನಿಗೆ ಕೈ ನಡುಗ್ತಾ ಇತ್ತು, ಬರ್ಕೊಳ್ಳೋಕೆ ಆಗ್ಲಿಲ್ಲ."