ನೀಲಕ್ಕ ಅರ್ಧಕ್ಕೆ ಬಿಟ್ಟ ಸ್ವೆಟರ್

ಬೆಳಗಾವಿಯ ಒಂದು ಸಣ್ಣ ಮನೆ. ಅಲ್ಲಿ ಗುರುಪಾದಪ್ಪ ಮತ್ತು ಅವರ ಮಗ ಪ್ರಭು, ಇಬ್ಬರೇ…

ಪ್ರಭುವಿನ ವಯಸ್ಸು ಇಪ್ಪತ್ತಾರು. ಮನಸ್ಸು ಮಾತ್ರ ಪುಟ್ಟ ಮಗುವಿನದು. ಸ್ನಾನ ಮಾಡಿಸಬೇಕು, ಅಂಗಿಯ ಗುಂಡಿ ಹಾಕಬೇಕು, ತುತ್ತು ಮಾಡಿ ತಿನ್ನಿಸಬೇಕು.

ಇಷ್ಟು ವರ್ಷ ಅದೆಲ್ಲವನ್ನೂ ತಾಯಿ ನೀಲಾಂಬಿಕಾ ಮಾಡುತ್ತಿದ್ದರು. ಶ್ರಾವಣದಲ್ಲಿ ಒಂದು ದಿನ ಎದೆನೋವು ಎಂದು ಕುಳಿತವರು ಮತ್ತೆ ಏಳಲಿಲ್ಲ…

ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದ ಗುರುಪಾದಪ್ಪನವರಿಗೆ ಈಗ ಅಡುಗೆ, ಬಟ್ಟೆ, ಪಾತ್ರೆ, ಮಗ… ಸಂಜೆಯ ಹೊತ್ತಿಗೆ ಸೊಂಟ ಹಿಡಿದುಬಿಡುತ್ತಿತ್ತು. ಹೆಂಡತಿಯನ್ನು ನೆನೆದು ಅಳಲಿಕ್ಕೂ ಪುರುಸೊತ್ತಿರಲಿಲ್ಲ.

ದೀಪಾವಳಿ ಮುಗಿದು ಚಳಿ ಶುರುವಾಯಿತು.

ಪ್ರಭು ಚಳಿಗೆ ಅವ್ವ ಹೆಣೆದ ಸ್ವೆಟರ್ ಬಿಟ್ಟು ಬೇರೇನನ್ನೂ ಹಾಕಿಕೊಂಡವನಲ್ಲ. ಹಳೆಯ ಸ್ವೆಟರ್ ಬಿಗಿಯಾಗಿ ಕಂಕುಳಲ್ಲಿ ಹರಿದುಹೋಗಿತ್ತು. ಅಂಗಡಿಯಿಂದ ತಂದದ್ದನ್ನು ತೊಡಿಸಲು ಹೋದರೆ ಚೀರಿ, ಕಿತ್ತು ಎಸೆದ.

ಕೆಮ್ಮು ಹಿಡಿಯಿತು. ಡಾಕ್ಟರ್ ಗದರಿದರು. "ಇವನ ಎದಿ ಮೊದಲೇ ನಾಜೂಕ ಐತ್ರಿ. ಥಂಡಿ ತಾಗಿಸಬ್ಯಾಡ್ರಿ, ಬೆಚ್ಚಗ ಇಡ್ರಿ."

ಕಪಾಟು ತೆರೆದಾಗ ನೀಲಿ ಉಲ್ಲನ್ನಿನ ಸ್ವೆಟರ್ ಸಿಕ್ಕಿತು. ಮೈಭಾಗವಷ್ಟೇ ಮುಗಿದಿತ್ತು. ತೋಳು ಶುರುವೇ ಆಗಿರಲಿಲ್ಲ. ಪಕ್ಕದಲ್ಲಿ ಉಳಿದ ಉಂಡೆಗಳು, ಹೆಣಿಗೆಯ ಎರಡು ಕಡ್ಡಿ…

ಓಣಿಯ ಟೇಲರ್ ಹತ್ತಿರ ಒಯ್ದರು. "ಇದು ಕೈಹೆಣಿಗಿ ರೀ. ನಮಗ ಬರೂದಿಲ್ಲ" ಎಂದು ಅವನು ವಾಪಸು ಕೊಟ್ಟ.

ಆಗ ನೆನಪಾಯಿತು… ಹೆಂಡತಿಯ ಫೋನಿನಲ್ಲಿ ಹೆಣಿಗೆ ಮಾಡುವ ಹೆಂಗಸರ ಒಂದು ವಾಟ್ಸಾಪ್ ಗ್ರೂಪ್ ಇತ್ತು. ಅದರಲ್ಲಿ ಏನು ನಡೆಯುತ್ತದೆ ಎಂದು ಅವರು ಒಮ್ಮೆಯೂ ಕೇಳಿದವರಲ್ಲ.

ಫೋನ್ ಚಾರ್ಜ್ ಮಾಡಿ, ಅದರಿಂದಲೇ ಗ್ರೂಪಿಗೆ ಕಷ್ಟಪಟ್ಟು ಟೈಪ್ ಮಾಡಿದರು. "ತೋಳು ಹೆಂಗ ಶುರು ಮಾಡೂದು?"

ತಕ್ಷಣ ನಗುವ ಮುಖಗಳು ಸುರಿದವು. "ನೀಲಕ್ಕಾ! ಇಷ್ಟ ದಿನ ಎಲ್ಲಿ ಹೋಗಿದ್ರಿ?" "ನಮಗೆಲ್ಲ ಕಲಿಸಿದವ್ರು ನೀವು, ಈಗ ನಮ್ಮ ಪರೀಕ್ಷಾ ಮಾಡ್ತೀರೇನು?"

ಅಲ್ಲಿ ಯಾರಿಗೂ ವಿಷಯವೇ ಗೊತ್ತಿರಲಿಲ್ಲ…

ಒಂದೊಂದೇ ಅಕ್ಷರ ಹುಡುಕಿ ಬರೆದರು. "ನಾನು ನೀಲಾಂಬಿಕಾಳ ಯಜಮಾನ. ಆಕಿ ಶ್ರಾವಣದಾಗ ತೀರಿಕೊಂಡ್ಳು. ಮಗನ ಸ್ವೆಟರ್ ಅರ್ಧ ಉಳದೈತಿ. ಇಲ್ಲಿ ಗಂಡಸರು ಇರಬಾರದಂದ್ರ ನನ್ನ ತೆಗದುಬಿಡ್ರಿ. ಇದೊಂದು ಹೇಳಿಕೊಟ್ಟು ತೆಗೀರಿ."

ಫೋನ್ ಕೆಳಗಿಟ್ಟು, ಒಳಗೆ ಮಲಗಿದ್ದ ಮಗನಿಗೆ ಹೊದಿಕೆ ಸರಿಮಾಡಿ ಬಂದರು.

ಆಮೇಲೆ ಫೋನ್ ರಿಂಗಾಯಿತು. ಆ ಕಡೆ ಒಬ್ಬ ಹೆಣ್ಣುಮಗಳು ಬಿಕ್ಕುತ್ತಿದ್ದಳು.

"ಕಾಕಾ, ನಾ ಗೋಕಾಕದಿಂದ ತಬಸ್ಸುಮ್ ರೀ. ನಾವು ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಆದ್ರ ನನ್ನ ಬಾಣಂತನದಾಗ ದಿನಾ ನನ್ನ ಮಾತಾಡಿಸಿದವ್ರು ನೀಲಕ್ಕ ಒಬ್ಬರ ರೀ…"

ಗುರುಪಾದಪ್ಪ ಸ್ವೆಟರನ್ನು ಹತ್ತಿರಕ್ಕೆ ಎಳೆದುಕೊಂಡರು. "ನೀ ಸ್ವಲ್ಪ ಹೇಳಿಕೊಡ್ತೀಯೇನವಾ?" ಎಂದರು.

"ನಾ ಯಾಕ್ರಿ? ನೀಲಕ್ಕನೇ ಕಲಿಸ್ತಾರ. ಫೋನ್ ನೋಡ್ರಿ ಕಾಕಾ."

ಒಂದೊಂದಾಗಿ ವಾಯ್ಸ್ ಮೆಸೇಜ್ ಬರತೊಡಗಿದವು. ಗದಗದಿಂದ, ಶಿರಸಿಯಿಂದ, ತುಮಕೂರಿನಿಂದ… ನೀಲಕ್ಕ ತಮಗೆ ಕಲಿಸುವಾಗ ಮಾತಾಡಿ ಕಳಿಸಿದ ಮೆಸೇಜುಗಳನ್ನು ಆ ಹೆಂಗಸರು ಅಳಿಸದೆ ಇಟ್ಟುಕೊಂಡಿದ್ದರು.

ಮೊದಲನೆಯದನ್ನು ಒತ್ತಿದರು.

"ಎಡಗೈ ಬಿಗೀ ಹಿಡೀಬ್ಯಾಡವಾ… ನೂಲು ಸಡಲ ಬಿಡು…"

ಅದೇ ದನಿ!

ಒಳಗೆ ಮಲಗಿದ್ದ ಪ್ರಭು ಓಡಿಬಂದ. "ಅವ್ವಾ!" ಎಂದು ಫೋನನ್ನು ಕಿತ್ತುಕೊಂಡು, ತಿರುಗಿಸಿ ಅದರ ಹಿಂದೆ ನೋಡಿದ. ಬಾಗಿಲ ಹಿಂದೆ ನೋಡಿದ. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಅಪ್ಪನ ಪಕ್ಕ ಕುಳಿತ.

ಇನ್ನೊಂದು ಮೆಸೇಜಿನಲ್ಲಿ, ಮಾತಿನ ನಡುವೆ ದೂರದಿಂದ ಒಂದು ಗಂಡುದನಿ. "ಏ, ಚಾ ಎಲ್ಲಿ?"

ಅದು ಗುರುಪಾದಪ್ಪನವರದೇ ದನಿ, ಕೆಲಸದಲ್ಲಿದ್ದ ದಿನಗಳದು…

"ಇರವಾ ತಬಸ್ಸುಮ್, ನಮ್ಮವರು ಬಂದ್ರು. ಬೆಳಗಿಂದ ಬಸ್ಸಿನಾಗ ನಿಂತ ಕಾಲು ಅವು, ಭಾಳ ನೋಯ್ತಾವು. ಚಾ ಕೊಟ್ಟು ಬರ್ತೀನಿ. ನಿನಗ ದಣಿವಾದ್ರ ಕಡ್ಡಿ ಕೆಳಗಿಡು. ಬಿಚ್ಚಬ್ಯಾಡ. ನಾಳಿ ಮುಂದಿಂದು ಹಾಕಿದ್ರಾತು."

ಗುರುಪಾದಪ್ಪ ಸ್ವೆಟರನ್ನು ಮುಖಕ್ಕೆ ಒತ್ತಿ ಹಿಡಿದು ಅತ್ತರು. ಶ್ರಾವಣದಿಂದ ಅಳದೆ ಉಳಿದದ್ದನ್ನೆಲ್ಲ ಅತ್ತರು.

ಅಂದಿನಿಂದ ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅಪ್ಪ ಮಗ ಕಿಟಕಿಯ ಬಿಸಿಲಿಗೆ ಕೂರುತ್ತಿದ್ದರು. ನೀಲಕ್ಕ ಹೇಳುತ್ತಿದ್ದರು, ಇವರು ಹೆಣೆಯುತ್ತಿದ್ದರು. ಎಷ್ಟೋ ಸಲ ತಪ್ಪಿತು. ತಪ್ಪಿದ್ದನ್ನು ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಯಾರಾದರೊಬ್ಬರು ವಿಡಿಯೋ ಕಾಲ್ ಮಾಡಿ ತಿದ್ದುತ್ತಿದ್ದರು. ಒಮ್ಮೊಮ್ಮೆ ಕೂತಲ್ಲೇ ತೂಕಡಿಕೆ ಬಂದು ಕಡ್ಡಿ ಜಾರುತ್ತಿತ್ತು.

ಸಂಕ್ರಾಂತಿಗೆ ಮೊದಲು ಸ್ವೆಟರ್ ಮುಗಿಯಿತು.

ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಅಲ್ಲಲ್ಲಿ ಬೆರಳು ತೂರುವಷ್ಟು ತೂತು. ಮಗ ಇದನ್ನೂ ಕಿತ್ತು ಎಸೆದರೆ… ಆದರೂ ಮಗನ ಮುಂದೆ ಇಟ್ಟರು.

ಪ್ರಭು ಸ್ವೆಟರನ್ನು ತೊಡೆಯ ಮೇಲೆ ಹರವಿಕೊಂಡ. ಮೈಭಾಗದ ಮೇಲೆ ಮೆಲ್ಲಗೆ ಕೈಯಾಡಿಸಿದ.

"ಅವ್ವಂದು" ಎಂದ.

ಆಮೇಲೆ ಸೊಟ್ಟ ತೋಳನ್ನು ಹಿಡಿದು, ಮೂಸಿ, ಕೆನ್ನೆಗೆ ಉಜ್ಜಿಕೊಂಡ.

"ಇದು… ಅಪ್ಪಂದು."

ಎರಡೂ ಕೈ ಮೇಲೆತ್ತಿ, ತೊಡಿಸೆಂದು ನಿಂತ.

ತೊಡಿಸಿ, ಗಿಡ್ಡ ತೋಳನ್ನು ಎಳೆದೆಳೆದು ಮಣಿಕಟ್ಟಿಗೆ ತಂದು, ಗುರುಪಾದಪ್ಪ ಅಲ್ಲೇ ಗೋಡೆಗೆ ಒರಗಿ ಕುಳಿತರು. ಪ್ರಭು ಅವರ ಮೈಗೆ ಒತ್ತಿಕೊಂಡು ಕುಳಿತ. ಮಗನ ಮೈಯ ಬಿಸಿ ತಾಗುತ್ತಿದ್ದಂತೆ, ಒಲೆಯ ಮೇಲೆ ಅಕ್ಕಿ ಇಡುವುದನ್ನೂ ಮರೆತು ನಿದ್ದೆಹೋದರು…

*

ಮನೆಯವರ ಕೈಯಲ್ಲಿ ಏನೇನು ವಿದ್ಯೆ ಇದೆ ಎಂಬುದನ್ನು, ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು ನೋಡೋಣ.

ನಿಮ್ಮ ಮನೆಯಲ್ಲಿ ದಿನವಿಡೀ ದುಡಿದು ದಣಿಯುವವರ ಜೊತೆ, ಯಾವ ಕೆಲಸವನ್ನೂ ಹೇಳದೆ ನೀವು ಸುಮ್ಮನೆ ಕುಳಿತದ್ದು ಯಾವಾಗ?